ಟ್ರಾಲಿ ಜೋಡಿಸುವಾಗ ನಡುವೆ ಯಾರೂ ಬೇಡ



ಕಾಲುವೆ ನೀರಿನ ನೆಲ್ಲು ಕೊಯ್ಲಿಗೆ ಬಂತೆಂದರೆ ನಮ್ಮ ಕಣೇಕಲ್ಲು ಸೀಮೆಯಲ್ಲಿ ಟ್ರ್ಯಾಕ್ಟರುಗಳಿಗೆ ಹಗಲೂ ಇಲ್ಲ, ರಾತ್ರಿಯೂ ಇಲ್ಲ. ಹಿಂದೆ ಎತ್ತಿನ ಬಂಡಿ ಮಾಡುತ್ತಿದ್ದ ಕೆಲಸವನ್ನೆಲ್ಲ ಈಗ ಟ್ರ್ಯಾಕ್ಟರಿನ ಹಿಂದೆ ಕಟ್ಟಿದ ಟ್ರಾಲಿ ಮಾಡುತ್ತಿದೆ. ಬೆಳಿಗ್ಗೆ ಟ್ರಾಲಿ ಬಿಚ್ಚಿ ನೇಗಿಲು ಕಟ್ಟುತ್ತೇವೆ. ಸಂಜೆ ನೇಗಿಲು ಬಿಚ್ಚಿ ಮತ್ತೆ ಟ್ರಾಲಿ ಕಟ್ಟುತ್ತೇವೆ. ಈ ಕಟ್ಟುವ ಬಿಚ್ಚುವ ಕೆಲಸ ನಮಗೆ ಎಷ್ಟು ರೂಢಿಯಾಗಿದೆಯೆಂದರೆ, ಅದರಲ್ಲಿ ಜೀವಕ್ಕೆ ಅಪಾಯವಿದೆ ಎಂಬುದೇ ಮರೆತುಹೋಗಿದೆ.

ಸಾಮಾನ್ಯವಾಗಿ ನಡೆಯುವುದು ಹೀಗೆ. ಅಪ್ಪ ಸೀಟಿನ ಮೇಲೆ ಕುಳಿತಿರುತ್ತಾನೆ. ಮಗನೋ ಮನೆಯಾಕೆಯೋ ಕೂಲಿಯಾಳೋ ಟ್ರಾಲಿಯ ಮೂಕಿ ಹಿಡಿದು, ಕೈಯಲ್ಲಿ ಪಿನ್ನು ಇಟ್ಟುಕೊಂಡು ಹಿಂದೆ ನಿಂತಿರುತ್ತಾರೆ. ಕನ್ನಡದವರಾದರೆ "ಬಾ, ಬಾ" ಎನ್ನುತ್ತಾರೆ, ತೆಲುಗಿನವರಾದರೆ "ರಾ, ರಾ" ಎನ್ನುತ್ತಾರೆ. ಇಂಜಿನ್ನಿನ ಸದ್ದಿನಲ್ಲಿ "ಬಾ" ಯಾವುದು, "ಸಾಕು" ಯಾವುದು ಎಂದು ಸೀಟಿನಲ್ಲಿರುವವನಿಗೆ ತಿಳಿಯುವುದು ಕಷ್ಟ. ಕೆಸರು ಹತ್ತಿದ ಕಾಲು ಕ್ಲಚ್ಚಿನಿಂದ ಜಾರಿದರೆ ಸುಮಾರು 2 ಟನ್ ತೂಕದ ಟ್ರ್ಯಾಕ್ಟರ್ ಒಂದು ಗೇಣು ಹಿಂದಕ್ಕೆ ಹಾರುತ್ತದೆ. ನಡುವೆ ನಿಂತವರ ಬೆರಳು, ತೊಡೆ, ಎದೆ ಜಜ್ಜಿಹೋಗಲು ಆ ಒಂದು ಗೇಣೇ ಸಾಕು.

"ಒಬ್ಬರೇ ಇದ್ದರೆ ಟ್ರಾಲಿ ಜೋಡಿಸಲಾಗದು, ಇನ್ನೊಬ್ಬರು ಬೇಕೇ ಬೇಕು" ಎಂದು ಬಹಳ ಜನ ಹೇಳುತ್ತಾರೆ. ನಾವು ಹೇಳುವುದು ಇದಕ್ಕೆ ವಿರುದ್ಧ. ಒಬ್ಬರೇ ಜೋಡಿಸಲು ಕಲಿತ ಮನೆಯೇ ಹೆಚ್ಚು ಕ್ಷೇಮ. ಟ್ರ್ಯಾಕ್ಟರ್ ಓಡಿಸುವವನೇ ಪಿನ್ನನ್ನೂ ಹಾಕುವುದಾದರೆ, ಗಾಲಿ ಉರುಳುವಾಗ ಅವನು ಸೀಟಿನಲ್ಲೇ ಇರಬೇಕು. ನಡುವೆ ಕೈ ಹಾಕಬೇಕಾದರೆ ಟ್ರ್ಯಾಕ್ಟರ್ ನಿಲ್ಲಿಸಿ ಇಳಿಯಲೇಬೇಕು. ಒಬ್ಬ ಮನುಷ್ಯ ಏಕಕಾಲಕ್ಕೆ ಎರಡು ಕಡೆ ಇರಲಾರ. ಆದ್ದರಿಂದ ಜಜ್ಜಿಹೋಗುವ ಜಾಗದಲ್ಲಿ ಯಾರೂ ಇರುವುದಿಲ್ಲ.

ಬಿಚ್ಚುವಾಗಲೇ ಜೋಡಣೆಯ ಯೋಚನೆ

ನಾಳೆ ಸುಲಭವಾಗಿ ಕಟ್ಟಬೇಕಾದರೆ ಇಂದು ಸರಿಯಾಗಿ ಬಿಚ್ಚಿರಬೇಕು. ಟ್ರಾಲಿಯನ್ನು ಸಮನೆಲದಲ್ಲಿ ನಿಲ್ಲಿಸಿ. ಅದರ ಮುಂದೆ ಟ್ರ್ಯಾಕ್ಟರ್ ನೇರವಾಗಿ ಹಿಂದಕ್ಕೆ ಬರಲು ಹತ್ತು ಹೆಜ್ಜೆಯಾದರೂ ಬಯಲಿರಲಿ. ಎರಡೂ ಗಾಲಿಗಳಿಗೆ ಮುಂದೊಂದು, ಹಿಂದೊಂದು ದಪ್ಪ ಕಲ್ಲು ಕೊಡಿ. ಒಂದೇ ಗಾಲಿಗೆ ಒಂದೇ ಕಲ್ಲು ಕೊಟ್ಟರೆ ಸಾಲದು.

ಹಗರಿ ಹೊಳೆಯ ಕಡೆ ನಮ್ಮ ನೆಲ ಮರಳು. ಮೂಕಿಯ ಕೆಳಗಿನ ಊರುಗಾಲು ಮರಳಿನಲ್ಲಿ ರಾತ್ರೋರಾತ್ರಿ ಇಳಿದುಬಿಡುತ್ತದೆ. ಅದರ ಕೆಳಗೆ ಅಗಲವಾದ ಹಲಗೆ ಹಾಕಿ. ಗದ್ದೆಯ ಹಸಿ ಮಣ್ಣಿನಲ್ಲಿಯೂ ಹೀಗೇ ಮಾಡಿ.

ತುಂಬಿದ ಟ್ರಾಲಿಯನ್ನು ಆದಷ್ಟೂ ಬಿಚ್ಚಬೇಡಿ. ಬಂಡಿ ಹೂಡಿದವರಿಗೆ ಮುಂಭಾರ, ಹಿಂಭಾರ ಎಂದರೆ ಏನೆಂದು ಹೇಳಬೇಕಾಗಿಲ್ಲ. ಎರಡು ಗಾಲಿಯ ಟ್ರಾಲಿಯೂ ಬಂಡಿಯ ಹಾಗೆಯೇ. ಚೀಲಗಳೆಲ್ಲ ಹಿಂದಿದ್ದರೆ ಪಿನ್ನು ಎಳೆದ ಕೂಡಲೇ ಮೂಕಿ ಮೇಲಕ್ಕೆ ಚಿಮ್ಮಿ ಗದ್ದಕ್ಕೋ ಎದೆಗೋ ಬಡಿಯುತ್ತದೆ. ಎಲ್ಲ ಮುಂದಿದ್ದರೆ ಮೂಕಿ ಪಾದದ ಮೇಲೆ ಬೀಳುತ್ತದೆ. ಹೇರುವಾಗ ಭಾರವನ್ನು ಅಚ್ಚಿನ ಎರಡೂ ಕಡೆ ಹರಡಿ, ಮುಂದಕ್ಕೆ ಸ್ವಲ್ಪ ಹೆಚ್ಚಿರುವಂತೆ ನೋಡಿಕೊಳ್ಳಿ.

ಹಿಂದಕ್ಕೆ ಬಿಡುವ ಲೆಕ್ಕ

ಟ್ರಾಲಿ ಕಟ್ಟಿಕೊಂಡು ಹಿಂದಕ್ಕೆ ಬರುವುದು ಹೊಸಬರಿಗೆ ಕಣ್ಕಟ್ಟಿನಂತೆ ಕಾಣುತ್ತದೆ. ಸ್ಟೇರಿಂಗ್ ಎಡಕ್ಕೆ ತಿರುಗಿಸಿದರೆ ಟ್ರಾಲಿಯ ಹಿಂಭಾಗ ಬಲಕ್ಕೆ ಹೋಗುತ್ತದೆ. ಇದರಲ್ಲಿ ಮಾಯವೇನೂ ಇಲ್ಲ. ಎತ್ತಿಲ್ಲದ ಬಂಡಿಯ ಮೂಕಿ ಹಿಡಿದು ಎಡಕ್ಕೆ ನೂಕಿ ನೋಡಿ. ಬಂಡಿ ತನ್ನ ಗಾಲಿಗಳ ಮೇಲೆ ತಿರುಗಿ, ಹಿಂಭಾಗ ಬಲಕ್ಕೆ ಸರಿಯುತ್ತದೆ. ಟ್ರ್ಯಾಕ್ಟರ್ ಮಾಡುವುದೂ ಇದನ್ನೇ. ಅದರ ಹಿಂಭಾಗ ಎಡಕ್ಕೆ ಬಂದಾಗ ಮೂಕಿಯನ್ನು ಎಡಕ್ಕೆ ನೂಕುತ್ತದೆ.

ನೆನಪಿಡಲು ಒಂದು ಸುಲಭ ಉಪಾಯವಿದೆ. ಸ್ಟೇರಿಂಗ್ ಚಕ್ರವನ್ನು ಕೆಳತುದಿಯಲ್ಲಿ ಹಿಡಿಯಿರಿ. ಟ್ರಾಲಿಯ ಹಿಂಭಾಗ ಯಾವ ಕಡೆ ಹೋಗಬೇಕೋ, ಕೈಯನ್ನು ಆ ಕಡೆಗೇ ಸರಿಸಿರಿ. ಬಲಕ್ಕೆ ಬೇಕೆಂದರೆ ಕೈ ಬಲಕ್ಕೆ, ಎಡಕ್ಕೆ ಬೇಕೆಂದರೆ ಕೈ ಎಡಕ್ಕೆ.

ಟ್ರಾಲಿ ತಿರುಗಲು ಆರಂಭಿಸಿದ ಕೂಡಲೇ ಸ್ಟೇರಿಂಗನ್ನು ಮೆಲ್ಲಗೆ ಎದುರು ದಿಕ್ಕಿಗೆ ತಂದು ಅದನ್ನು ಹಿಂಬಾಲಿಸಬೇಕು. ಹಿಂಬಾಲಿಸದೆ ಹಾಗೆಯೇ ಬಿಟ್ಟರೆ ಟ್ರ್ಯಾಕ್ಟರೂ ಟ್ರಾಲಿಯೂ ಮಡಚುವ ಚಾಕುವಿನಂತೆ ಮಡಚಿಕೊಳ್ಳುತ್ತವೆ. ದೊಡ್ಡ ಗಾಲಿ ಮೂಕಿಗೆ ತಗಲಿ ಮೂಕಿ ಬಾಗುತ್ತದೆ. ಕೋನ ಹೆಚ್ಚಾಗುತ್ತಿದೆ ಎಂದು ಕಂಡಾಗ ಹಿಂದಕ್ಕೆ ಬಿಡುತ್ತ ಸರಿಪಡಿಸಲು ಹೋಗಬೇಡಿ. ನಾಲ್ಕು ಹೆಜ್ಜೆ ಮುಂದಕ್ಕೆ ಹೋಗಿ ನೇರ ಮಾಡಿಕೊಂಡು ಮತ್ತೆ ಬನ್ನಿ. ಅದರಲ್ಲಿ ಅವಮಾನವೇನೂ ಇಲ್ಲ.

ಗಿಡ್ಡ ಟ್ರಾಲಿ ಬೇಗ ತಿರುಗುತ್ತದೆ, ಉದ್ದ ಟ್ರಾಲಿ ನಿಧಾನವಾಗಿ ತಿರುಗುತ್ತದೆ. ಮುಂದಿನ ಅಚ್ಚು ತಿರುಗುವ ನಾಲ್ಕು ಗಾಲಿಯ ಟ್ರಾಲಿಗೆ ಎರಡು ಕಡೆ ಕೀಲು ಇರುವುದರಿಂದ ಅದನ್ನು ಹಿಂದಕ್ಕೆ ಬಿಡುವುದು ಪಳಗಿದವರಿಗೂ ಕಷ್ಟ. ಅಂಥದನ್ನು ಹಿಂದಕ್ಕೆ ಬಿಡಬೇಕಾಗದ ದಾರಿಯನ್ನೇ ಮೊದಲು ನೋಡಿಕೊಳ್ಳಿ.

ಒಬ್ಬರೇ ಜೋಡಿಸುವ ಕ್ರಮ

1. ಮೊದಲು ಟ್ರಾಲಿಯ ಸುತ್ತ ಒಂದು ಸುತ್ತು ನಡೆಯಿರಿ. ಕೆಳಗೆ ಮಗು, ನಾಯಿ, ಕೋಳಿ ಇಲ್ಲವೆಂದೂ ಗಾಲಿಗೆ ಕಲ್ಲು ಇದೆಯೆಂದೂ ಖಚಿತ ಮಾಡಿಕೊಳ್ಳಿ.

2. ಮೂಕಿಯ ತುದಿಯ ಉಂಗುರ ಟ್ರ್ಯಾಕ್ಟರಿನ ಹಿಂದಿನ ಕವಲಿನ ಎತ್ತರಕ್ಕೆ ಇರಬೇಕು. ತಿರುಪಿನ ಊರುಗಾಲು ಇದ್ದರೆ ಅದನ್ನು ತಿರುಗಿಸಿ ಸರಿಮಾಡಿ. ಇಲ್ಲದಿದ್ದರೆ ಹಾರೆಯಿಂದ ಮೀಟಿ ಮರದ ತುಂಡುಗಳನ್ನು ಒಂದೊಂದಾಗಿ ಕೊಡಿ. ತುಂಡನ್ನು ಉದ್ದ ಕೋಲಿನಿಂದ ಒಳಕ್ಕೆ ತಳ್ಳಬೇಕು, ಕೈ ಕೆಳಗೆ ಹೋಗಬಾರದು. ಮೂಕಿಯನ್ನು ಸೊಂಟದ ಬಲದಿಂದ ಎತ್ತುವುದು ಬೇಡವೇ ಬೇಡ. ಬೆನ್ನು ಹಿಡಿಯುವುದಕ್ಕೂ ಹರ್ನಿಯಾಕ್ಕೂ ಇಂಥ ಎತ್ತಾಟ ಕಾರಣವಾಗುತ್ತದೆ.

3. ಮೂಕಿಯ ತುದಿಯಿಂದ ನೇರವಾಗಿ ಮುಂದಕ್ಕೆ ಹತ್ತು ಹೆಜ್ಜೆ ಸುಣ್ಣದ ಪುಡಿಯಿಂದಲೋ ಬೂದಿಯಿಂದಲೋ ಒಂದು ಗೆರೆ ಎಳೆಯಿರಿ. ಟ್ರಾಲಿಯ ಮುಂದಿನ ಹಲಗೆಯ ನಟ್ಟನಡುವೆ ಬಿಳಿ ಬಟ್ಟೆಯ ತುಂಡು ಕಟ್ಟಿ. ಗೆರೆ ಟ್ರ್ಯಾಕ್ಟರಿನ ಎರಡು ಹಿಂಗಾಲಿಗಳ ನಡುಮಧ್ಯೆ ಇರಲಿ, ಕಣ್ಣು ಬಿಳಿ ಬಟ್ಟೆಯ ಮೇಲಿರಲಿ.

4. ಎಲ್ಲಕ್ಕಿಂತ ನಿಧಾನದ ರಿವರ್ಸ್ ಗೇರಿನಲ್ಲಿ ಬನ್ನಿ. ಒಂದು ಹೆಜ್ಜೆ ದೂರವಿರುವಾಗ ನಿಲ್ಲಿಸಿ. ಗೇರನ್ನು ನ್ಯೂಟ್ರಲ್ಲಿಗೆ ತಂದು, ಹ್ಯಾಂಡ್ ಬ್ರೇಕ್ ಹಾಕಿ, ಇಂಜಿನ್ ಆರಿಸಿ, ಕೀಲಿಕೈ ಜೇಬಿಗೆ ಹಾಕಿಕೊಂಡು ಇಳಿಯಿರಿ. ಬ್ರೇಕ್ ಹಿಡಿಯದ ಟ್ರ್ಯಾಕ್ಟರಿನಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ, ಮೊದಲು ಬ್ರೇಕ್ ರಿಪೇರಿ ಮಾಡಿಸಿ.

5. ಎಷ್ಟು ದೂರ ಉಳಿದಿದೆ, ಯಾವ ಕಡೆ ಓರೆಯಾಗಿದೆ ಎಂದು ಒಂದು ಕೋಲಿನಿಂದ ಅಳೆದು ನೋಡಿ. ಮತ್ತೆ ಹತ್ತಿ ಅಷ್ಟು ಮಾತ್ರ ಬಿಡಿ. ಮತ್ತೆ ಇಳಿದು ನೋಡಿ. ಮೂರು ಸಲ ಹತ್ತಿ ಇಳಿದರೂ ಆಗುವುದು ಐದು ನಿಮಿಷದ ಕೆಲಸ. ನೆಲದ ಮೇಲೆ ನಿಂತು ಟ್ರ್ಯಾಕ್ಟರ್ ಚಾಲೂ ಮಾಡುವ ಕೆಟ್ಟ ಚಾಳಿ ಮಾತ್ರ ಎಂದಿಗೂ ಬೇಡ.

6. ಎರಡು ತೂತುಗಳೂ ಒಂದರ ಮೇಲೊಂದು ಬಂದಿವೆಯೇ ಎಂದು ಬೆರಳು ಹಾಕಿ ನೋಡಬಾರದು. ಸಣ್ಣ ಸರಳಿನಿಂದ ನೋಡಿ. ಇಂಜಿನ್ ಆರಿದ ಮೇಲೆ, ಪಕ್ಕದಲ್ಲಿ ನಿಂತು ಪಿನ್ನು ಇಳಿಸಿ. ಅದರ ಕೆಳತುದಿಗೆ ಕ್ಲಿಪ್ಪು ಹಾಕಿ. ಮುರಿದ ಕಬ್ಬಿಣದ ಸರಳು, ಹಳೆಯ ಬೋಲ್ಟು ಪಿನ್ನಾಗಲಾರವು. ರಸ್ತೆಯ ಕುಲುಕಿಗೆ ಅವು ಮೇಲಕ್ಕೆದ್ದು ಬಿದ್ದುಹೋಗುತ್ತವೆ ಅಥವಾ ತುಂಡಾಗುತ್ತವೆ.

7. ಪಿನ್ನು ಕೈಕೊಟ್ಟರೂ ಟ್ರಾಲಿ ಓಡಿಹೋಗದಂತೆ ಒಂದು ಸರಪಳಿಯನ್ನೂ ಬಿಗಿಯಿರಿ. ಊರುಗಾಲು ಮೇಲೆತ್ತಿ. ಗಾಲಿಗಳ ಕಲ್ಲು ಹಾಗೆಯೇ ಇರುವಾಗ ಮೆಲ್ಲನೆ ಒಮ್ಮೆ ಮುಂದಕ್ಕೆ ಎಳೆದು ನೋಡಿ. ಪಿನ್ನು ಹಿಡಿದಿದೆ ಎಂದಾದ ಮೇಲೆ ಮತ್ತೆ ಇಂಜಿನ್ ಆರಿಸಿ, ಇಳಿದು, ಕಲ್ಲು ತೆಗೆಯಿರಿ. ರಸ್ತೆಗೆ ಹೋಗುವ ಮೊದಲು ಎಡ ಬಲದ ಎರಡು ಬ್ರೇಕ್ ಪೆಡಲುಗಳನ್ನೂ ಕೊಂಡಿ ಹಾಕಿ ಒಂದು ಮಾಡಿ.

ಯುರೋಪು ಅಮೆರಿಕಗಳಲ್ಲಿ ಜನರು ಗಾಲಿಗಳ ಮೇಲಿನ ಪುಟ್ಟ ಮನೆಯೊಂದನ್ನು ಕಾರಿನ ಹಿಂದೆ ಕಟ್ಟಿಕೊಂಡು ರಜೆಗೆ ಹೋಗುತ್ತಾರೆ. ಅದಕ್ಕೆ ಕಾರವಾನ್ ಎಂದು ಹೆಸರು. ಗಂಡನೋ ಹೆಂಡತಿಯೋ ಒಬ್ಬರೇ ಅದನ್ನು ಜೋಡಿಸುವುದುಂಟು. ಅದರ ಮೂಕಿಯ ಕೆಳಗೆ ತಿರುಪಿನಿಂದ ಏರಿಳಿಯುವ ಪುಟ್ಟ ಗಾಲಿ ಇರುತ್ತದೆ. ಯುರೋಪಿನಲ್ಲಾದರೆ ಕಾರಿನ ಹಿಂದಿನ 50 ಮಿಲಿಮೀಟರ್ ಗುಂಡಿನ ಮೇಲೆ ಮೂಕಿಯನ್ನು ತಿರುಪಿನಿಂದಲೇ ಇಳಿಸುತ್ತಾರೆ, ಕೈಯಿಂದ ಎತ್ತುವುದಿಲ್ಲ. ಅಲ್ಲಿಯೂ ಕ್ರಮ ಇದೇ: ಬಿಡು, ನಿಲ್ಲಿಸು, ಇಳಿ, ನೋಡು. ನಮ್ಮ ಟ್ರಾಲಿಗೂ ವರ್ಕ್‌ಶಾಪಿನಲ್ಲಿ ತಿರುಪಿನ ಊರುಗಾಲು ಹಾಕಿಸಿಕೊಳ್ಳಬಹುದು. ಆ ಖರ್ಚು ದಂಡವಾಗುವುದಿಲ್ಲ.

ಎಲ್ಲಿಗೆ ಕಟ್ಟಬೇಕು?

ಟ್ರಾಲಿಯನ್ನು ಕಟ್ಟಬೇಕಾದುದು ಕೆಳಗಿನ ಎಳೆಯುವ ಕವಲಿಗೆ ಮಾತ್ರ. ನೇಗಿಲಿನ ಮೇಲಿನ ತೋಳು ಕೂಡುವ ಜಾಗಕ್ಕೆ ಸರಪಳಿ ಹಾಕಿ ಎಳೆದರೆ ಟ್ರ್ಯಾಕ್ಟರಿನ ಮೂತಿ ಮೇಲೇಳುತ್ತದೆ. ಎಳೆತ ಹಿಂಗಾಲಿಯ ಅಚ್ಚಿಗಿಂತ ಮೇಲಿದ್ದರೆ, ಕೆಸರಿನಲ್ಲಿ ಸಿಕ್ಕಿದ ಟ್ರಾಲಿ ಬರುವುದಿಲ್ಲ, ಟ್ರ್ಯಾಕ್ಟರೇ ಅಂಗಾತ ಮಗುಚಿ ಚಾಲಕನ ಮೇಲೆ ಬೀಳುತ್ತದೆ. ಹೀಗೆ ಟ್ರ್ಯಾಕ್ಟರ್ ಹಿಂದಕ್ಕೆ ಮಗುಚುವುದನ್ನು ತಡೆಯುವ ಬಗ್ಗೆ ಬಹಳ ಯೋಚಿಸಿದವರು ಐರ್ಲೆಂಡಿನಲ್ಲಿ ಹುಟ್ಟಿದ ಹ್ಯಾರಿ ಫರ್ಗ್ಯುಸನ್ (1884–1960). ನೇಗಿಲನ್ನು ಮೂರು ತೋಳುಗಳಿಂದ ಟ್ರ್ಯಾಕ್ಟರಿಗೆ ಹಿಡಿಸುವ ಅವರ ಏರ್ಪಾಡು 1936ರಲ್ಲಿ ಮಾರುಕಟ್ಟೆಗೆ ಬಂದ ಅವರ ಟ್ರ್ಯಾಕ್ಟರಿನಲ್ಲಿ ಇತ್ತು. ಇಂದು ನಮ್ಮ ಹೊಲಗಳಲ್ಲಿ ಓಡಾಡುವ ಟ್ರ್ಯಾಕ್ಟರುಗಳ ಹಿಂದೆ ಇರುವ ಮೂರು ತೋಳುಗಳು ಅವೇ. ಆ ಮೂರು ತೋಳು ನೇಗಿಲಿಗೆ, ಕೆಳಗಿನ ಕವಲು ಟ್ರಾಲಿಗೆ. ಇದನ್ನು ಅದಲು ಬದಲು ಮಾಡಬಾರದು.

ಸಹಾಯಕ್ಕೆ ಜನ ಇದ್ದರೆ

ಇದ್ದರೆ ಒಳ್ಳೆಯದೇ. ಆದರೆ ಅವರ ಜಾಗ ನಡುವೆ ಅಲ್ಲ. ಚಾಲಕನಿಗೆ ಕಾಣುವಂತೆ ಪಕ್ಕದಲ್ಲಿ, ಟ್ರಾಲಿಯಿಂದ ನಾಲ್ಕೈದು ಹೆಜ್ಜೆ ದೂರ ನಿಂತು ಕೈಸನ್ನೆ ಮಾಡಲಿ. ಕೂಗು ಬೇಡ. ಸನ್ನೆ ಮಾಡುವವರು ಕಣ್ಣಿಗೆ ಕಾಣದಿದ್ದರೆ ಆ ಕ್ಷಣವೇ ಟ್ರ್ಯಾಕ್ಟರ್ ನಿಲ್ಲಬೇಕು. ಮಕ್ಕಳಿಗೆ ಈ ಕೆಲಸ ಹಚ್ಚಲೇಬಾರದು. ಮೂಕಿಯ ಮೇಲೆ ಕುಳಿತು ಸವಾರಿ ಮಾಡುವುದನ್ನೂ ಬಿಡಿಸಿ.

ಪೆಟ್ಟಾದರೆ ಏನು ಮಾಡಬೇಕು?

ಯಾರಾದರೂ ಸಿಕ್ಕಿಕೊಂಡರೆ ಗಾಬರಿಯಿಂದ ಗೇರು ಹಾಕಬೇಡಿ. ಯಾವ ಕಡೆ ಸರಿದರೆ ಬಿಡುತ್ತದೆ ಎಂದು ಒಂದು ಕ್ಷಣ ನೋಡಿ ಬಿಡಿಸಿ. 108ಕ್ಕೆ ಫೋನ್ ಮಾಡಿ.

ರಕ್ತ ಹರಿಯುತ್ತಿದ್ದರೆ ಶುಭ್ರವಾದ ಬಟ್ಟೆಯನ್ನು ಗಾಯದ ಮೇಲಿಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಪದೇ ಪದೇ ತೆಗೆದು ನೋಡಬೇಡಿ. ಅರಿಸಿನ, ಕಾಫಿಪುಡಿ, ಗ್ರೀಸು, ಡೀಸೆಲ್ ಯಾವುದನ್ನೂ ಹಚ್ಚಬೇಡಿ. ಬೆರಳು ತುಂಡಾಗಿದ್ದರೆ ಆ ತುಂಡನ್ನು ಒದ್ದೆ ಮಾಡಿ ಹಿಂಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಟ್ಟಿ, ಆ ಚೀಲವನ್ನು ಐಸ್ ಇರುವ ಇನ್ನೊಂದು ಚೀಲದಲ್ಲಿಡಿ. ತುಂಡಿಗೆ ಐಸ್ ನೇರವಾಗಿ ತಾಗಬಾರದು. ರೋಗಿಯ ಜೊತೆಯಲ್ಲೇ ಅದನ್ನು ಕಳುಹಿಸಿ.

ಎದೆ, ಹೊಟ್ಟೆ, ಸೊಂಟಕ್ಕೆ ಪೆಟ್ಟಾದಾಗ ಹೊರಗೆ ಗಾಯವೇ ಕಾಣದಿರಬಹುದು. ಒಳಗೆ ರಕ್ತ ಸೋರುತ್ತಿರಬಹುದು. ಮುಖ ಬಿಳಿಚಿಕೊಂಡು, ಮೈ ತಣ್ಣಗಾಗಿ ಬೆವರುತ್ತಿದ್ದರೆ, ಬಾಯಾರಿಕೆ ಎನ್ನುತ್ತಿದ್ದರೆ ಅದು ಅಪಾಯದ ಗುರುತು. ನೀರು, ಚಹಾ ಏನನ್ನೂ ಕುಡಿಸಬೇಡಿ. ಬೆಚ್ಚಗೆ ಹೊದಿಸಿ, ಮಲಗಿಸಿಯೇ ಆಸ್ಪತ್ರೆಗೆ ಸಾಗಿಸಿ. "ಏನೂ ಆಗಿಲ್ಲ, ಬೆಳಿಗ್ಗೆ ನೋಡೋಣ" ಎಂಬ ಮಾತು ಬೇಡ. ಸಣ್ಣ ಗಾಯವಾದರೂ ಸೋಪು ನೀರಿನಲ್ಲಿ ತೊಳೆದು, ಧನುರ್ವಾಯುವಿನ ಸೂಜಿಯ ಬಗ್ಗೆ ವೈದ್ಯರನ್ನು ಕೇಳಿ.

ಕಲಿಯುವ ಜಾಗವೂ ನಮ್ಮ ಜಿಲ್ಲೆಯಲ್ಲೇ

ಟ್ರ್ಯಾಕ್ಟರು ಮತ್ತು ಕೃಷಿ ಯಂತ್ರಗಳ ಬಗ್ಗೆ ತರಬೇತಿ ಕೊಡುವ ಕೇಂದ್ರ ಸರಕಾರದ ದಕ್ಷಿಣ ಪ್ರಾಂತ್ಯದ ಸಂಸ್ಥೆ ಇರುವುದು ನಮ್ಮ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ. ಬೇರೆ ರಾಜ್ಯಗಳವರೂ ಬಂದು ಕಲಿಯುವ ಸ್ಥಳ ಅದು. ನಮ್ಮ ಊರುಗಳ ಯುವಕರು ಹೋಗಿ ವಿಚಾರಿಸಬೇಕು. ಅಷ್ಟು ದೂರ ಹೋಗಲಾಗದವರು ಸುಗ್ಗಿ ಮುಗಿದ ಮೇಲೆ, ಖಾಲಿ ಕಣದಲ್ಲಿ, ಖಾಲಿ ಟ್ರಾಲಿಯೊಂದಿಗೆ ಎರಡು ಮಧ್ಯಾಹ್ನ ಅಭ್ಯಾಸ ಮಾಡಲಿ. ನಾಲ್ಕು ಕೋಲು ನೆಟ್ಟು ಅವುಗಳ ನಡುವೆ ಹಿಂದಕ್ಕೆ ಬಿಡಲಿ. ಕೋಲು ಬಿದ್ದರೆ ಮತ್ತೆ ನೆಡಬಹುದು.

ಈ ಸುಗ್ಗಿಯಲ್ಲಿ ಪ್ರತಿಯೊಂದು ಮನೆಯವರೂ ಒಂದು ನಿಯಮ ಮಾಡಿಕೊಳ್ಳಲಿ: ಇಂಜಿನ್ ಉರಿಯುತ್ತಿರುವಾಗ ಟ್ರ್ಯಾಕ್ಟರಿಗೂ ಟ್ರಾಲಿಗೂ ನಡುವೆ ಮನುಷ್ಯನ ಮೈ ಇರಕೂಡದು. ಚಾಲಕ ಎಷ್ಟೇ ಪಳಗಿದವನಾಗಿರಲಿ, ಮಳೆ ಬರುತ್ತಿರಲಿ, ನೆಲ್ಲಿನ ವ್ಯಾಪಾರಿ ಕಾಯುತ್ತಿರಲಿ, ಈ ನಿಯಮ ಸಡಿಲವಾಗಬಾರದು. ಐದು ನಿಮಿಷ ತಡವಾದರೆ ನೆಲ್ಲು ಎಲ್ಲಿಗೂ ಓಡಿಹೋಗುವುದಿಲ್ಲ.