ಹತ್ತನೆಯ ತರಗತಿಯ ನಂತರ: ಕತಾರಿನ ಕನ್ನಡ ಮಕ್ಕಳ ಕಾಲೇಜು ಪ್ರವೇಶ



ಕಾಲೇಜು ಪ್ರವೇಶದ ಮಾತು ಬಂದೊಡನೆ ನಮ್ಮ ಮನೆಗಳಲ್ಲಿ ಹನ್ನೆರಡನೆಯ ತರಗತಿಯ ಅಂಕಗಳ ಚರ್ಚೆ ಆರಂಭವಾಗುತ್ತದೆ. ಪ್ರವೇಶ ವಿಭಾಗದ ಮೇಜಿನ ಆಚೆ ಬದಿಯಲ್ಲಿ ಹಲವು ವರ್ಷ ಕುಳಿತ ನನಗೆ ಮುಖ್ಯವೆನಿಸಿರುವ ಸಂಗತಿಯೇ ಬೇರೆ. ಕೊಲ್ಲಿ ನಾಡಿನಲ್ಲಿ ಬೆಳೆದ ಮಕ್ಕಳಿಗೆ ಯಾವ ಬಾಗಿಲು ತೆರೆದಿರುತ್ತದೆ, ಯಾವುದು ಮುಚ್ಚುತ್ತದೆ ಎಂಬುದು ಬಹುಮಟ್ಟಿಗೆ ಹತ್ತನೆಯ ತರಗತಿ ಮುಗಿದ ಬೇಸಿಗೆಯಲ್ಲೇ ನಿರ್ಧಾರವಾಗಿಬಿಡುತ್ತದೆ. ಮುಂದಿನ ಎರಡು ವರ್ಷ ದೋಹಾದಲ್ಲೇ ಓದಬೇಕೆ, ಅಥವಾ ಮಂಗಳೂರಿನಲ್ಲೋ ಮೈಸೂರಿನಲ್ಲೋ ಅಜ್ಜಿಯ ಮನೆಯಲ್ಲಿದ್ದು ಪಿಯುಸಿಗೆ ಸೇರಬೇಕೆ? ಈ ಪ್ರಶ್ನೆಯನ್ನು ನಾವು ಊಟ, ವಸತಿ, ಕೋಚಿಂಗ್‌ಗಳ ದೃಷ್ಟಿಯಿಂದ ನೋಡುತ್ತೇವೆ. ನಿಯಮಗಳ ದೃಷ್ಟಿಯಿಂದ ನೋಡುವವರು ಕಡಿಮೆ.

ಮೊದಲು ಕರ್ನಾಟಕದ ಸಿಇಟಿ. ಎಂಜಿನಿಯರಿಂಗ್ ಮೊದಲಾದ ಕೋರ್ಸುಗಳ ಸರ್ಕಾರಿ ಕೋಟಾದ ಸೀಟುಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಹಂಚುತ್ತದೆ. ಅದಕ್ಕೆ ಅರ್ಹತೆ ಪಡೆಯುವ ಸಾಮಾನ್ಯ ದಾರಿಯೆಂದರೆ, ಒಂದರಿಂದ ಹನ್ನೆರಡನೆಯ ತರಗತಿಯೊಳಗೆ ಕನಿಷ್ಠ 7 ವರ್ಷ ಕರ್ನಾಟಕದ ಮಾನ್ಯತೆ ಪಡೆದ ಸಂಸ್ಥೆಗಳಲ್ಲಿ ವ್ಯಾಸಂಗ ಮಾಡಿರುವುದು. ಉಡುಪಿಯಲ್ಲಿ ಐದನೆಯವರೆಗೆ ಓದಿ, ಆರರಿಂದ ಹತ್ತರವರೆಗೆ ಇಲ್ಲಿದ್ದು, ಮರಳಿ ಊರಿನಲ್ಲಿ ಪಿಯುಸಿ ಮುಗಿಸಿದ ಹುಡುಗಿಗೆ ಐದು ಮತ್ತು ಎರಡು ಸೇರಿ ಏಳಾಗುತ್ತದೆ. ನಾಲ್ಕನೆಯ ತರಗತಿ ಮುಗಿಸಿ ವಿಮಾನ ಹತ್ತಿದವಳಿಗೆ ಆರೇ.

ಈ ಒಂದು ವರ್ಷದ ಬೆಲೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕುಂದಾಪುರದ ಕಡೆಯ ಒಂದು ಕುಟುಂಬ, ಹುಡುಗನಿಗೆ ಒಳ್ಳೆಯ ಅಂಕಗಳು. ಕಡತವನ್ನು ಮೇಜಿನ ಮೇಲಿಟ್ಟು ಲೆಕ್ಕ ಮಾಡಿದಾಗ ಆರು ವರ್ಷ ಬಂತು. ತಾಯಿ ಎರಡು ಸಲ ಬೆರಳು ಮಡಿಸಿ ಎಣಿಸಿದರು. ತಂದೆ ತಗ್ಗಿದ ದನಿಯಲ್ಲಿ, "ಯುಕೆಜಿಯನ್ನೂ ಸೇರಿಸಿಕೊಂಡರೆ ಆಗದೆ, ಸರ್?" ಎಂದು ಕೇಳಿದರು. ಆಗುವುದಿಲ್ಲ. ಕೊನೆಗೆ ಆತ ಕಾಮೆಡ್‌ಕೆ ಪರೀಕ್ಷೆಯ ಮೂಲಕ ಖಾಸಗಿ ಕಾಲೇಜಿಗೆ ಸೇರಿದ. ಶುಲ್ಕ ಸರ್ಕಾರಿ ಸೀಟಿಗಿಂತ ಬಹಳ ಹೆಚ್ಚು. ತಂದೆ ಊರಿಗೆ ಮರಳುವ ಯೋಚನೆಯನ್ನು ನಾಲ್ಕು ವರ್ಷ ಮುಂದೂಡಿದರು.

ಏಳು ವರ್ಷ ತುಂಬಿದವರಿಗೂ ಒಂದು ಮಾತು. ಅದನ್ನು ವ್ಯಾಸಂಗ ಪ್ರಮಾಣಪತ್ರದಿಂದ ಸಿದ್ಧಪಡಿಸಬೇಕು, ಅದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜು ಬೇಕು. ಇದನ್ನು ರಜೆಯಲ್ಲಿ ಊರಿಗೆ ಹೋದಾಗ ಶಾಲೆ ತೆರೆದಿರುವ ದಿನಗಳಲ್ಲೇ ಮಾಡಿಸಿಟ್ಟುಕೊಳ್ಳುವುದು ಕ್ಷೇಮ.

ಇನ್ನು, ಹೆಚ್ಚಿನವರು ಗಮನಿಸದ ಇನ್ನೊಂದು ಬಾಗಿಲಿದೆ. ಸಿಇಟಿ ನಿಯಮಗಳಲ್ಲಿ ಗಡಿನಾಡು ಮತ್ತು ಹೊರನಾಡು ಕನ್ನಡಿಗರಿಗೆ ಪ್ರತ್ಯೇಕ ಅವಕಾಶವಿದೆ. ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಆಗಿರಬೇಕು. ಜೊತೆಗೆ ಪ್ರಾಧಿಕಾರ ನಡೆಸುವ ಕನ್ನಡ ಭಾಷಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ತಂದೆತಾಯಿಯರ ಹಿಂದಿನ ವಾಸ್ತವ್ಯ ಇತ್ಯಾದಿ ಷರತ್ತುಗಳೂ ಇರುವುದರಿಂದ ಆಯಾ ವರ್ಷದ ಮಾಹಿತಿ ಪುಸ್ತಿಕೆಯನ್ನು ಅಕ್ಷರಕ್ಷರ ಓದಬೇಕು. ಭಾಷಾ ಪರೀಕ್ಷೆ ಕಠಿಣವಾದುದಲ್ಲ. ಆದರೆ ಅದು ಬರವಣಿಗೆಯ ಪರೀಕ್ಷೆ. ಶಾಲೆಯಲ್ಲಿ ಹಿಂದಿಯನ್ನೋ ಅರಬ್ಬಿಯನ್ನೋ ಫ್ರೆಂಚನ್ನೋ ಆಯ್ದುಕೊಂಡ ನಮ್ಮ ಮಕ್ಕಳು ಮನೆಯಲ್ಲಿ ಸೊಗಸಾಗಿ ಕನ್ನಡ ಮಾತನಾಡುತ್ತಾರೆ, ಒತ್ತಕ್ಷರ ಬಂದರೆ ಮಾತ್ರ ಪೆನ್ನು ನಿಲ್ಲುತ್ತದೆ. ತುಳು ಮನೆಮಾತಿನವರಿಗೂ ಪರೀಕ್ಷೆ ಕನ್ನಡದಲ್ಲೇ. ಮಗು ಎಂಟನೆಯ ತರಗತಿಯಲ್ಲಿರುವಾಗ ವಾರಕ್ಕೆ ಒಂದು ಗಂಟೆ ಕನ್ನಡ ಬರೆಸಿದರೆ ಸಾಕು. ಹನ್ನೆರಡನೆಯ ತರಗತಿಯಲ್ಲಿ ಅದಕ್ಕೆ ಬಿಡುವು ದೊರೆಯದು.

ದೋಹಾದಲ್ಲೇ ಉಳಿಯುವವರಿಗೆ ಇರುವ ದೊಡ್ಡ ಅವಕಾಶವೆಂದರೆ ದಾಸಾ, ಅಂದರೆ ವಿದೇಶದಲ್ಲಿ ಓದಿದ ವಿದ್ಯಾರ್ಥಿಗಳಿಗೆ ನೇರ ಪ್ರವೇಶ ನೀಡುವ ಯೋಜನೆ. ಸುರತ್ಕಲ್ಲಿನ ಎನ್‌ಐಟಿಕೆ ಸೇರಿದಂತೆ ದೇಶದ ಎನ್‌ಐಟಿಗಳು ಇದರಲ್ಲಿವೆ. 1960ರಲ್ಲಿ ಕೆಆರ್‌ಇಸಿ ಎಂದು ಆರಂಭವಾದ ಆ ಕಾಲೇಜನ್ನು ಇಲ್ಲಿ ಕುಳಿತ ಹಲವರು ಇನ್ನೂ ಹಳೆಯ ಹೆಸರಿನಿಂದಲೇ ಕರೆಯುತ್ತೀರಿ. ಹಿಂದೆ ಈ ಪ್ರವೇಶಕ್ಕೆ ಸ್ಯಾಟ್ ವಿಷಯ ಪರೀಕ್ಷೆಗಳ ಅಂಕ ಸಾಕಿತ್ತು. 2021ರಲ್ಲಿ ಆ ಪರೀಕ್ಷೆಗಳೇ ನಿಂತುಹೋದವು. ಈಗ ಜೆಇಇ ಮೇನ್ ರ‍್ಯಾಂಕ್ ಬೇಕು. ದಾಸಾ ಶುಲ್ಕವನ್ನು ಡಾಲರಿನಲ್ಲಿ ಕಟ್ಟಬೇಕು. ಆದರೆ ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ಭಾರತೀಯರ ಮಕ್ಕಳಿಗೆ ಸಿಐಡಬ್ಲ್ಯುಜಿ ಎಂಬ ಉಪವರ್ಗವಿದ್ದು, ಅದರಲ್ಲಿ ಬೋಧನಾ ಶುಲ್ಕ ಊರಿನ ವಿದ್ಯಾರ್ಥಿಗಳ ಮಟ್ಟದಲ್ಲೇ ಇರುತ್ತದೆ. ಸೀಟುಗಳು ಕಡಿಮೆ, ಪೈಪೋಟಿ ಹೆಚ್ಚು. ಇದಕ್ಕೆ ಹನ್ನೊಂದು ಮತ್ತು ಹನ್ನೆರಡನೆಯ ತರಗತಿಗಳನ್ನು ಹೊರದೇಶದಲ್ಲೇ ಓದಿರಬೇಕು. ಮಗನನ್ನು ಪಿಯುಸಿಗೆ ಊರಿಗೆ ಕಳುಹಿಸಿದ ದಿನವೇ ಈ ದಾರಿ ಮುಚ್ಚಿತು. ಏಳು ವರ್ಷದ ಲೆಕ್ಕ ತುಂಬುವಂತಿದ್ದರೆ ಊರು; ತುಂಬದಿದ್ದರೆ ದೋಹಾ. ನನ್ನನ್ನು ಕೇಳುವವರಿಗೆ ನಾನು ಹೇಳುವುದು ಇಷ್ಟೇ.

ವೈದ್ಯಕೀಯ ಬಯಸುವವರಿಗೆ ನೀಟ್ ಅನಿವಾರ್ಯ. 2022ರಲ್ಲಿ ದೋಹಾದಲ್ಲೂ ಪರೀಕ್ಷಾ ಕೇಂದ್ರ ದೊರೆಯಿತು. 2024ರ ಮೊದಲ ಪ್ರಕಟಣೆಯಲ್ಲಿ ವಿದೇಶದ ಕೇಂದ್ರಗಳೇ ಇರಲಿಲ್ಲ, ಆನಂತರ ಸೇರಿಸಲಾಯಿತು. ಆದುದರಿಂದ ಪ್ರತಿವರ್ಷವೂ ಪ್ರಕಟಣೆಯನ್ನು ನೋಡಿಕೊಳ್ಳಬೇಕು.

ಮನೆಯ ಬಾಗಿಲಲ್ಲೇ ಇರುವ ಎಜುಕೇಶನ್ ಸಿಟಿಯನ್ನು ನಾವು ಕಾರಿನಿಂದ ನೋಡಿ ಮುಂದೆ ಸಾಗುತ್ತೇವೆ. ಕಾರ್ನೆಗಿ ಮೆಲನ್, ಜಾರ್ಜ್‌ಟೌನ್, ನಾರ್ತ್‌ವೆಸ್ಟರ್ನ್, ವೈಲ್ ಕಾರ್ನೆಲ್ ವೈದ್ಯಕೀಯ ಕಾಲೇಜು ಅಲ್ಲಿವೆ. ಎಂಜಿನಿಯರಿಂಗ್ ಕಲಿಸುವ ಟೆಕ್ಸಾಸ್ ಎ ಅಂಡ್ ಎಂ ಮಾತ್ರ 2028ರೊಳಗೆ ಇಲ್ಲಿಂದ ನಿರ್ಗಮಿಸಲು 2024ರಲ್ಲಿ ತೀರ್ಮಾನಿಸಿತು. ಇಲ್ಲಿನ ಪದ್ಧತಿ ನಮ್ಮದಕ್ಕೆ ತದ್ವಿರುದ್ಧ. ಸಿಇಟಿ ಪರೀಕ್ಷೆ ಒಂದೆರಡು ದಿನಗಳಲ್ಲಿ ಮುಗಿಯುತ್ತದೆ. ಇವರು ಒಂಬತ್ತನೆಯ ತರಗತಿಯಿಂದ ಪ್ರತಿವರ್ಷದ ಅಂಕಗಳನ್ನು, ವಿದ್ಯಾರ್ಥಿಯೇ ಬರೆದ ಪ್ರಬಂಧವನ್ನು, ಅಧ್ಯಾಪಕರ ಶಿಫಾರಸು ಪತ್ರಗಳನ್ನು ನೋಡುತ್ತಾರೆ. ಹನ್ನೆರಡನೆಯ ತರಗತಿಯ ಫಲಿತಾಂಶ ಬರುವ ಮೊದಲೇ ಅರ್ಜಿ ಹೋಗಿರಬೇಕು. "ಒಂಬತ್ತನೆಯದು ಲೆಕ್ಕಕ್ಕಿಲ್ಲ" ಎಂಬ ನಮ್ಮ ಮಾತು ಇಲ್ಲಿ ನಡೆಯದು. ಶುಲ್ಕವನ್ನು ಕಂಡು ಹಿಂಜರಿಯುವವರು ಆರ್ಥಿಕ ನೆರವಿನ ಅರ್ಜಿಯನ್ನೂ ಓದಿ ನೋಡಬೇಕು.

ಕೊನೆಯದಾಗಿ ಹೆಸರಿನ ವಿಷಯ. ನಮ್ಮಲ್ಲಿ ಊರಿನ ಹೆಸರು, ತಂದೆಯ ಹೆಸರು ಇನಿಷಿಯಲ್ಲಾಗಿ ಮುಂದೆ ಇರುತ್ತವೆ. ಪಾಸ್‌ಪೋರ್ಟಿನಲ್ಲಿ ಅವೇ ಬಿಡಿಸಿಕೊಂಡು ಹಿಂದೆ ಬರುತ್ತವೆ. ಸಿಬಿಎಸ್‌ಇ ಒಂಬತ್ತನೆಯ ಮತ್ತು ಹನ್ನೊಂದನೆಯ ತರಗತಿಗಳಲ್ಲಿ ನೋಂದಣಿ ಮಾಡಿಕೊಳ್ಳುತ್ತದೆ. ಆಗ ಬರೆದ ಹೆಸರೇ ಅಂಕಪಟ್ಟಿಗೆ ಬರುತ್ತದೆ, ಆಮೇಲಿನ ತಿದ್ದುಪಡಿ ಪ್ರಯಾಸದ ಕೆಲಸ. ಈ ವರ್ಷ ಒಂಬತ್ತಕ್ಕೆ ಕಾಲಿಡುವ ಮಕ್ಕಳ ಪಾಲಕರು ಇಂದು ರಾತ್ರಿಯೇ ಪಾಸ್‌ಪೋರ್ಟನ್ನೂ ಜನನ ಪ್ರಮಾಣಪತ್ರವನ್ನೂ ಶಾಲೆಯ ದಾಖಲೆಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿರಿ. ಇನ್ನು ಪ್ರಶ್ನೆಗಳಿದ್ದರೆ ಕೇಳಬಹುದು.