ಗೋಲಕೊಂಡದ ಕಲಮ್‌ಕಾರಿ ಮತ್ತು ಚೇರ್ಯಾಲದ ಪಟ: ಗೃಹಾಲಂಕರಣದಲ್ಲಿ ಚಿತ್ರಿತ ವಸ್ತ್ರ

ಹೈದರಾಬಾದಿನ ಸುಶಿಕ್ಷಿತರ ಮನೆಗಳಲ್ಲಿ ಈಚಿನ ವರ್ಷಗಳಲ್ಲಿ ಚಿತ್ರಿತ ವಸ್ತ್ರಗಳು ಹೆಚ್ಚು ಹೆಚ್ಚಾಗಿ ಕಾಣಿಸಿಕೊಳ್ಳುತ್ತಿವೆ. ನಡುಮನೆಯ ಗೋಡೆಯ ಮೇಲೆ ಕೆಂಪು ಹಿನ್ನೆಲೆಯ ಪುರಾಣಪಟ, ಬಾಗಿಲಿಗೆ ಕಲ್ಪವೃಕ್ಷದ ಪರದೆ, ಮಂಚದ ಮೇಲೆ ಬಳ್ಳಿಹೂವಿನ ಹೊದಿಕೆ, ಇವುಗಳನ್ನು ನೋಡದ ಅತಿಥಿ ವಿರಳ. ಇವೆಲ್ಲವನ್ನೂ ‘ಕಲಮ್‌ಕಾರಿ’ ಎಂಬ ಒಂದೇ ಹೆಸರಿನಿಂದ ಕರೆಯುವುದು ರೂಢಿಯಾಗಿದೆ. ಕೊಳ್ಳುವವರು ಹಾಗೆ ಕರೆಯುತ್ತಾರೆ. ಮಾರುವವರು ಅದನ್ನು ತಿದ್ದುವುದಿಲ್ಲ. ವಾಸ್ತವವಾಗಿ ಇವುಗಳಲ್ಲಿ ಪರಸ್ಪರ ಸಂಬಂಧವಿಲ್ಲದ ಎರಡು ವಿದ್ಯೆಗಳೂ, ವಿದ್ಯೆಯೇ ಅಲ್ಲದ ಮೂರನೆಯದೊಂದೂ ಬೆರೆತುಹೋಗಿವೆ.

ಬಟ್ಟೆಯ ಮೇಲೆ ಬಣ್ಣವನ್ನು ನಿಲ್ಲಿಸಲು ಎರಡು ಮಾರ್ಗಗಳುಂಟು. ಬಣ್ಣವನ್ನು ನೂಲಿನೊಳಕ್ಕೆ ಇಳಿಸುವುದು ಒಂದು. ಬಟ್ಟೆಯ ಮೇಲೆ ಗಾರೆಯಂತಹ ಲೇಪನವನ್ನು ಕೊಟ್ಟು, ಆ ಲೇಪನದ ಮೇಲೆ ಬಣ್ಣವನ್ನು ಕೂಡಿಸುವುದು ಇನ್ನೊಂದು. ಮೊದಲನೆಯದು ಕಲಮ್‌ಕಾರಿ, ಎರಡನೆಯದು ಚೇರ್ಯಾಲದ ನಕಾಶಿ ಪಟ. ನಾಟಕಶಾಲೆಯ ಕಿತ್ತಾನಿನ ಪರದೆಯೂ ಈ ಎರಡನೆಯ ವರ್ಗಕ್ಕೇ ಸೇರಿದುದು. (೧೮೮೪ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯಂತಹ ನಾಟಕ ಮಂಡಲಿಗಳ ಅರಮನೆ, ಉದ್ಯಾನ, ಬೀದಿಗಳ ಪರದೆಗಳೇ ಕನ್ನಡಿಗರಲ್ಲಿ ಬಹುಜನಕ್ಕೆ ಪರಿಚಿತವಾದ ಚಿತ್ರಿತ ಬಟ್ಟೆ. ಆ ಪರದೆಗಳನ್ನು ಬರೆದವರ ಚರಿತ್ರೆ ಇನ್ನೂ ಸರಿಯಾಗಿ ರಚಿತವಾಗಿಲ್ಲವೆಂಬುದು ಬೇರೆಯ ಮಾತು.)

ಕಲಮ್‌ಕಾರಿ ಎಂದರೆ ಲೇಖನಿಯ ಕೆಲಸ, ಪಾರಸೀ ಶಬ್ದ. ತೆಲುಗಿನಲ್ಲಿ ಇದಕ್ಕೆ ‘ವ್ರಾತಪನಿ’, ಅಂದರೆ ಬರೆವಣಿಗೆಯ ಕೆಲಸವೆಂದೇ ಹೆಸರು. ೧೫೧೮ರಿಂದ ೧೬೮೭ರ ವರೆಗೆ ಆಳಿದ ಕುತುಬ್‌ಶಾಹಿಗಳ ಕಾಲದಲ್ಲಿ ಇದು ತನ್ನ ಉಚ್ಛ್ರಾಯವನ್ನು ಕಂಡಿತು. ಬೀದರದ ಬಹಮನಿ ರಾಜ್ಯದಿಂದ ಕವಲೊಡೆದ ಈ ಮನೆತನ ಇರಾನಿನೊಡನೆ ನಿಕಟವಾದ ಸಂಬಂಧವನ್ನಿಟ್ಟುಕೊಂಡಿದ್ದಿತು. ಅರಮನೆಯ ರುಚಿ ಪಾರಸೀಕ, ಕೈ ತೆಲುಗರದು, ಹಡಗು ಹೊರಡುವುದು ಮಚಲೀಪಟ್ಟಣದಿಂದ. ಅಲ್ಲಿ ಡಚ್ಚರು ೧೭ನೆಯ ಶತಮಾನದ ಮೊದಲ ದಶಕದಲ್ಲಿಯೂ ಇಂಗ್ಲಿಷರು ೧೬೧೧ರಲ್ಲಿಯೂ ಕೋಠಿಗಳನ್ನು ಸ್ಥಾಪಿಸಿದರು. ಈ ಬಟ್ಟೆ ಉಡುಪಿಗಿಂತಲೂ ಗೃಹೋಪಯೋಗಕ್ಕಾಗಿಯೇ ಹೆಚ್ಚಾಗಿ ಹೆಸರಾಯಿತೆಂಬುದನ್ನು ಗಮನಿಸಬೇಕು. ಡೇರೆಯ ಕನಾತು, ಮೇಲ್ಕಟ್ಟು, ನೆಲಹಾಸು, ಕಾಣಿಕೆಯ ತಟ್ಟೆಗೆ ಮುಚ್ಚುವ ರುಮಾಲು ಮೊದಲಾದವು ಗೋಲಕೊಂಡದ ವಿಶೇಷ ವಸ್ತುಗಳಾಗಿದ್ದುವು. ಮೊಗಲ ಬಾದಶಹನ ಡೇರೆಗಳಿಗೆ ಒಳಮೈಯಾಗಿ ಮಚಲೀಪಟ್ಟಣದ ಹೂವಿನ ಬಟ್ಟೆಯನ್ನು ಹೊಲಿದಿದ್ದುದನ್ನು ಫ್ರೆಂಚ್ ಪ್ರವಾಸಿ ಬರ್ನಿಯರ್ ವರ್ಣಿಸಿದ್ದಾನೆ. ಯೂರೋಪಿನ ‘ಪಾಲಂಪೋರ್’ ನಮ್ಮ ‘ಪಲಂಗ್‌ಪೋಷ್’, ಅಂದರೆ ಮಂಚದ ಹೊದಿಕೆ. ಅವರ ‘ಚಿಂಟ್ಸ್’ ನಮ್ಮ ಅಜ್ಜಿಯರ ಚೀಟಿಬಟ್ಟೆಯೇ.

ಈ ಬಟ್ಟೆಯ ಕೀರ್ತಿಗೆ ಕಾರಣ ಚಿತ್ರಕ್ಕಿಂತ ಹೆಚ್ಚಾಗಿ ಬಣ್ಣ. ಚಾಯ್ ಬೇರು (ತೆಲುಗಿನ ಚಿರಿವೇರು) ಎಂಬ ಸಣ್ಣ ಗಿಡದ ಬೇರಿನಿಂದ ಬರುವ ಕೆಂಪು, ಬಟ್ಟೆ ಹರಿಯುವವರೆಗೂ ಮಾಸುವುದಿಲ್ಲವೆಂದು ಇಂಗ್ಲಿಷ್ ಕೋಠಿಯ ವಿಲಿಯಂ ಮೆಥ್‌ವೋಲ್ಡನೇ ೧೭ನೆಯ ಶತಮಾನದ ಆದಿಭಾಗದಲ್ಲಿ ಸಾಕ್ಷ್ಯ ನುಡಿದಿದ್ದಾನೆ. ಕೃಷ್ಣಾನದಿಯ ಮುಖಜಭೂಮಿಯಲ್ಲಿ ಬೆಳೆದ ಬೇರಿಗೆ ಹೆಚ್ಚಿನ ಬೆಲೆಯಿದ್ದಿತು. ಅಲ್ಲಿನ ಮಣ್ಣಿನಲ್ಲಿರುವ ಸುಣ್ಣದ ಅಂಶ ಕೆಂಪನ್ನು ಗಾಢಗೊಳಿಸುತ್ತದೆ. ಕೃಷ್ಣೆ ಕನ್ನಡನಾಡನ್ನು ದಾಟಿ ಹೋಗಿ ಕಡಲ ದಡದಲ್ಲಿ ಕೆಂಪಾದಳೆಂದು ಯಾರಾದರೂ ಹೇಳಿದರೆ ಅದು ಬರಿಯ ಅಲಂಕಾರವಾಗದು.

ಇನ್ನು ಕ್ರಮ. ಬಟ್ಟೆಯನ್ನು ಮೊದಲು ಅಳಲೆಕಾಯಿಯ ರಸ ಮತ್ತು ಎಮ್ಮೆಯ ಹಾಲಿನಲ್ಲಿ ನೆನೆಸಿ ಒಣಗಿಸುತ್ತಾರೆ. ಅಳಲೆಯ ಒಗರು ಬಣ್ಣವನ್ನು ಹಿಡಿಯುತ್ತದೆ. ಹಾಲಿನ ಜಿಡ್ಡು ಗೆರೆ ಹರಡದಂತೆ ತಡೆಯುತ್ತದೆ. ಬಿದಿರಿನ ಕಡ್ಡಿಯ ತುದಿಯನ್ನು ಚೂಪುಮಾಡಿ, ಅದಕ್ಕೆ ಉಣ್ಣೆ ಅಥವಾ ಬಟ್ಟೆಯ ಉಂಡೆಯನ್ನು ದಾರದಿಂದ ಸುತ್ತಿದರೆ ಕಲಮು ಸಿದ್ಧ. ಬೆರಳಿನಿಂದ ಉಂಡೆಯನ್ನು ಅದುಮಿದಷ್ಟೇ ಮಸಿ ಇಳಿಯುತ್ತದೆ. ತುಕ್ಕುಹಿಡಿದ ಕಬ್ಬಿಣ ಮತ್ತು ಬೆಲ್ಲವನ್ನು ನೀರಿನಲ್ಲಿ ವಾರಗಟ್ಟಲೆ ಹುಳಿಯಿಟ್ಟು ತೆಗೆದ ಕಷಾಯದಿಂದ ರೇಖೆಯನ್ನು ಬರೆಯುತ್ತಾರೆ. ಅದು ಅಳಲೆಯ ಒಗರನ್ನು ಸೋಂಕಿದೊಡನೆ ಕಪ್ಪಾಗುತ್ತದೆ. ಕೆಂಪು ಬರಬೇಕಾದ ಸ್ಥಳದಲ್ಲಿ ಕೆಂಪನ್ನು ಹಚ್ಚುವುದಿಲ್ಲ, ಪಟಿಕದ ನೀರನ್ನು ಹಚ್ಚುತ್ತಾರೆ. ಅನಂತರ ಬಟ್ಟೆಯನ್ನು ಹರಿಯುವ ನೀರಿನಲ್ಲಿ ಜಾಲಿಸಿ, ಬೇರಿನ ಕಷಾಯದಲ್ಲಿ ಕುದಿಸಿದಾಗ ಪಟಿಕವಿದ್ದಲ್ಲಿ ಮಾತ್ರ ಕೆಂಪು ನಿಲ್ಲುತ್ತದೆ. ಉಳಿದೆಡೆ ಅಂಟಿದ್ದನ್ನು ಸಗಣಿನೀರು ಮತ್ತು ಬಿಸಿಲು ತೆಗೆದುಬಿಡುತ್ತವೆ. ನೀರು ನಿಂತ ನೀರಾದರೆ ಹೆಚ್ಚಿನ ಪಟಿಕ ಹರಡಿ ಬಿಳಿಯ ನೆಲವೆಲ್ಲ ಕೆಡುತ್ತದೆ. ಹೊಳೆಯಿಲ್ಲದ ಊರಿನಲ್ಲಿ ಈ ಕಸುಬು ನೆಲೆಸದಿರುವುದಕ್ಕೆ ಇದೇ ಕಾರಣ. ನೀಲಿಗಾಗಿ ಹಿಂದೆ ಬಟ್ಟೆಯ ಉಳಿದ ಭಾಗಕ್ಕೆಲ್ಲ ಮೇಣ ಬಳಿದು ನೀಲಿಯ ತೊಟ್ಟಿಯಲ್ಲಿ ಅದ್ದುತ್ತಿದ್ದರು. ಹಸುರಿಗೆ ನೀಲಿಯ ಮೇಲೆ ಹಳದಿಯ ಲೇಪ. ಈ ಹಳದಿಯೊಂದೇ ಅಸ್ಥಿರವಾದುದರಿಂದ ಯೂರೋಪಿನ ವಸ್ತುಸಂಗ್ರಹಾಲಯಗಳಲ್ಲಿರುವ ಹಳೆಯ ಹೊದಿಕೆಗಳ ಎಲೆಗಳು ಇಂದು ನೀಲಿಯಾಗಿ ಕಾಣುತ್ತವೆ. ಅದು ಚಿತ್ರಕಾರನ ಕಲ್ಪನೆಯೆಂದು ಹೊಗಳಿದವರೂ ಇರಬಹುದು!

ಇಷ್ಟು ದೀರ್ಘವಾದ ಕೆಲಸಕ್ಕೆ ಮುಂಗಡ ಹಣ ಬೇಕು. ಕಂಪನಿಗಳು ದಲ್ಲಾಳಿಗಳ ಮೂಲಕ ಮುಂಗಡ ಕೊಟ್ಟು, ಮಾದರಿಯನ್ನೂ ಕಳುಹಿಸಿ, ಮಾಲನ್ನು ಬರೆಯಿಸುತ್ತಿದ್ದುವು. ಮುಂಗಡ ಪಡೆದವನು ಮತ್ತೊಬ್ಬರಿಗೆ ಬರೆಯಲಾರ, ಬೆಲೆಯನ್ನು ಕೇಳಲಾರ. ಲಂಡನ್ ಪ್ಯಾರಿಸ್ಸುಗಳ ಮಂಚಗಳು ಹೂವಿನಿಂದ ತುಂಬಿದಾಗಲೂ ಬರೆದವನ ಮನೆ ತುಂಬಲಿಲ್ಲ. ಕೊನೆಗೆ ಅಲ್ಲಿನ ನೇಯ್ಗೆಯವರ ಕೂಗಿನಿಂದ ಫ್ರಾನ್ಸು ೧೬೮೬ರಲ್ಲಿ ಈ ಬಟ್ಟೆಯನ್ನು ನಿಷೇಧಿಸಿ ೧೭೫೯ರ ವರೆಗೆ ಆ ನಿಷೇಧವನ್ನು ಉಳಿಸಿಕೊಂಡಿತು. ಇಂಗ್ಲೆಂಡು ೧೭೦೦ರಲ್ಲಿ ಒಂದು ಶಾಸನವನ್ನೂ, ೧೭೨೧ರಲ್ಲಿ ಉಡುಪಿನಲ್ಲಷ್ಟೇ ಅಲ್ಲದೆ ಗೃಹೋಪಕರಣಗಳಲ್ಲಿಯೂ ಬಳಸಕೂಡದೆಂಬ ಇನ್ನೊಂದನ್ನೂ ಹೊರಡಿಸಿತು. ಒಂದು ಮಂಚದ ಹೊದಿಕೆಗೆ ಎರಡು ರಾಜ್ಯಗಳು ಹೆದರಿದ ಉದಾಹರಣೆ ಚರಿತ್ರೆಯಲ್ಲಿ ಹೆಚ್ಚಿಲ್ಲ. ಮುಂದೆ ೧೯ನೆಯ ಶತಮಾನದ ಯಂತ್ರದ ಅಚ್ಚು ಉಳಿದ ಕೆಲಸವನ್ನು ಪೂರೈಸಿತು.

ಇಂದಿನ ಮಚಲೀಪಟ್ಟಣ ಮತ್ತು ಪೆಡನದ ಕಲಮ್‌ಕಾರಿ ಮರದ ಅಚ್ಚಿನದು. ಹೆಸರಿನಲ್ಲಿ ಮಾತ್ರ ಕಲಮು ಉಳಿದಿದೆ. ಲೇಖನಿಯ ಕೆಲಸ ಉಳಿದಿರುವುದು ಶ್ರೀಕಾಳಹಸ್ತಿಯಲ್ಲಿ, ಸ್ವರ್ಣಮುಖಿಯ ದಡದಲ್ಲಿ. ಅಲ್ಲಿಯೂ ಅಳಿಯುವ ಸ್ಥಿತಿಗೆ ಬಂದಿದ್ದುದನ್ನು ೧೯೫೦ರ ದಶಕದಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಶಿಕ್ಷಣಕೇಂದ್ರ ಉಳಿಸಿತು. ಆ ಮಂಡಳಿಯ ಅಧ್ಯಕ್ಷೆಯಾಗಿದ್ದ ಕಮಲಾದೇವಿ ಚಟ್ಟೋಪಾಧ್ಯಾಯರು ಮಂಗಳೂರಿನಲ್ಲಿ ಹುಟ್ಟಿದವರೆಂಬುದನ್ನು ಕನ್ನಡಿಗರು ನೆನೆಯಬಹುದು.

ಚೇರ್ಯಾಲದ ಕಥೆ ಬೇರೆ. ಹೈದರಾಬಾದಿನಿಂದ ಸುಮಾರು ೧೦೦ ಕಿಲೋಮೀಟರು ದೂರದ, ಈಗ ಸಿದ್ದಿಪೇಟೆ ಜಿಲ್ಲೆಗೆ ಸೇರಿದ ಈ ಊರಿನ ನಕಾಶಿ ಮನೆತನದವರು ಖಾದಿಬಟ್ಟೆಗೆ ಗಂಜಿ, ಸೇಡಿಮಣ್ಣು, ಹುಣಿಸೆಬೀಜದ ಸರಿ, ಮರದ ಅಂಟು ಇವುಗಳ ಲೇಪವನ್ನು ಮತ್ತೆ ಮತ್ತೆ ಕೊಟ್ಟು, ಒಣಗಿದ ಮೇಲೆ ಕುಂಚದಿಂದ ಚಿತ್ರಿಸುತ್ತಾರೆ. ಹಿನ್ನೆಲೆ ಬಹುಮಟ್ಟಿಗೆ ಕೆಂಪು. ಮೂರು ಅಡಿ ಅಗಲದ, ಮೂವತ್ತು ಅಡಿಗೂ ಮೀರಿ ಉದ್ದವಾದ ಈ ಪಟಗಳು ಗೋಡೆಗಾಗಿ ಹುಟ್ಟಿದವುಗಳಲ್ಲ. ಪದ್ಮಶಾಲಿಗಳಿಗೆ ಮಾರ್ಕಂಡೇಯ ಪುರಾಣ, ಅಗಸರಿಗೆ ಮಡೇಲ ಪುರಾಣ, ಮಾದಿಗರಿಗೆ ಜಾಂಬ ಪುರಾಣ, ಹೀಗೆ ಒಂದೊಂದು ಕುಲಕ್ಕೆ ಒಂದೊಂದು ಪುರಾಣ. ಅದನ್ನು ಹಾಡುವ ಕಥೆಗಾರರು ರಾತ್ರಿಯೆಲ್ಲ ಪಟವನ್ನು ಬಿಚ್ಚುತ್ತ ಹೋಗುತ್ತಿದ್ದರು. ಹೊಸ ಪಟಕ್ಕೆ ಪೂಜೆ. ಸವೆದ ಪಟವನ್ನು ವಿಧಿಪೂರ್ವಕವಾಗಿ ನೀರಿಗೆ ಬಿಡುವುದು. ಬಿಟ್ಟ ಪಟದ ಸ್ಥಾನಕ್ಕೆ ಮತ್ತೊಂದು ಬೇಕು. ಆದುದರಿಂದ ಚಿತ್ರಕಾರನಿಗೆ ಕೆಲಸ ತಪ್ಪುತ್ತಿರಲಿಲ್ಲ. ಸಿನಿಮಾ ಮತ್ತು ದೂರದರ್ಶನ ಬಂದು ಕಥೆ ಕೇಳುವವರು ಇಲ್ಲವಾದಾಗ ಈ ಚಕ್ರ ನಿಂತಿತು. ಇಂದು ಉಳಿದಿರುವುದು ಕೆಲವೇ ಕುಟುಂಬಗಳು, ಅವುಗಳ ಪೋಷಕನೆಂದರೆ ನಗರದ ಗೋಡೆ. ಉದ್ದನೆಯ ಕಥೆಯಿಂದ ಒಂದು ದೃಶ್ಯವನ್ನು ಕತ್ತರಿಸಿ ಚೌಕಟ್ಟಿಗೆ ಹಾಕುವುದು ಪಟಕ್ಕೆ ಮಾಡುವ ಅಪಚಾರವೆಂದು ವಾದಿಸಬಹುದು. ಆ ವಾದ ಸರಿಯೂ ಹೌದು. ಆದರೆ ಚೌಕಟ್ಟನ್ನು ನಿರಾಕರಿಸಿದವರು ಕುಂಚಕ್ಕೆ ಬೇರೆ ಅನ್ನವನ್ನು ತೋರಿಸಿಲ್ಲ.

ಇಂತಹದೇ ಲೇಪನವಿದ್ಯೆ ಕನ್ನಡನಾಡಿನಲ್ಲಿಯೂ ಇದೆ. ೧೯೫೬ರ ವರೆಗೆ ಹೈದರಾಬಾದು ರಾಜ್ಯಕ್ಕೇ ಸೇರಿದ್ದ ಕೊಪ್ಪಳದ ಬಳಿಯ ಕಿನ್ನಾಳದ ಚಿತ್ರಗಾರರು ಮರದ ಗೊಂಬೆಗೆ ಗೋಣಿಯ ಚಿಂದಿ ಮತ್ತು ಹುಣಿಸೆಬೀಜದ ಅಂಟಿನಿಂದಾದ ‘ಕಿಟ್ಟ’ವನ್ನು ಬಳಿಯುತ್ತಾರೆ. ಚೇರ್ಯಾಲದವರು ಮರದ ಹೊಟ್ಟು ಮತ್ತು ಅದೇ ಹುಣಿಸೆಬೀಜದಿಂದ ಮುಖವಾಡಗಳನ್ನು ಮಾಡುತ್ತಾರೆ. ಇವರಿಬ್ಬರಲ್ಲಿ ಸಂಬಂಧವಿದ್ದಿತೆಂದು ಸಾಧಿಸುವುದು ಅನಗತ್ಯ; ಹುಣಿಸೆ ಎರಡು ಕಡೆಯೂ ಬೆಳೆಯುತ್ತದೆ.

ಈ ಭೇದವನ್ನು ಅರಿತರೆ ಮನೆಯಲ್ಲಿ ಯಾವುದನ್ನು ಎಲ್ಲಿಡಬೇಕೆಂಬುದು ತಾನಾಗಿ ತಿಳಿಯುತ್ತದೆ. ನೂಲಿಗಿಳಿದ ಬಣ್ಣ ಬಟ್ಟೆಯೊಡನೆ ಬಾಗುತ್ತದೆ. ಆದುದರಿಂದ ಪರದೆ, ಹೊದಿಕೆ, ದಿಂಬಿನ ಗವಸುಗಳಿಗೆ ಕಲಮ್‌ಕಾರಿ ಒಪ್ಪುತ್ತದೆ. ಅಂಟುವಾಳದ ತಣ್ಣೀರಿನಲ್ಲಿ ಒಗೆದು ನೆರಳಿನಲ್ಲಿ ಒಣಗಿಸಬೇಕು. ಪಶ್ಚಿಮದ ಬಿಸಿಲು ಹೊಡೆಯುವ ಕಿಟಕಿಗೆ ಕಟ್ಟಿದರೆ ಹಳದಿ ಮೊದಲು ಹೋಗುತ್ತದೆ. ಲೇಪನದ ಪಟ ಮಡಿಸಿದರೆ ಬಿರಿಯುತ್ತದೆ, ನೀರು ತಾಗಿದರೆ ಕರಗುತ್ತದೆ. ಅದನ್ನು ದಿಂಬಿಗೆ ಹೊಲಿಸುವವರು ಹಣವನ್ನೂ ಚಿತ್ರವನ್ನೂ ಒಟ್ಟಿಗೆ ಕಳೆದುಕೊಳ್ಳುತ್ತಾರೆ. ಅದರ ಸ್ಥಾನ ತೇವವಿಲ್ಲದ ಒಳಗೋಡೆ.

ಇನ್ನು ಮೊದಲು ಹೇಳಿದ ಮೂರನೆಯದು, ಯಂತ್ರದಲ್ಲಿ ಮುದ್ರಿಸಿದ ‘ಕಲಮ್‌ಕಾರಿ’. ಅಚ್ಚಿನ ಬಟ್ಟೆಯಲ್ಲಿ ಅಚ್ಚುಗಳು ಕೂಡುವ ಸಂಧಿ ಕಾಣುತ್ತದೆ, ಅದರಲ್ಲಿ ಮೋಸವಿಲ್ಲ. ಯಂತ್ರದ್ದರಲ್ಲಿ ರೇಖೆ ಮೊದಲಿನಿಂದ ಕೊನೆಯವರೆಗೆ ಒಂದೇ ದಪ್ಪ, ಅನೇಕ ವೇಳೆ ಹಿಂಬದಿ ಬೆಳ್ಳಗೆ. ಕೈಯ ರೇಖೆ ಮಸಿ ತುಂಬಿದಲ್ಲಿ ದಪ್ಪನಾಗಿ, ತೀರುವಲ್ಲಿ ತೆಳ್ಳಗಾಗಿ, ಬಟ್ಟೆಯ ಹಿಂಬದಿಗೂ ಇಳಿದಿರುತ್ತದೆ. ಚೇರ್ಯಾಲ, ಶ್ರೀಕಾಳಹಸ್ತಿ, ಮಚಲೀಪಟ್ಟಣ, ಕಿನ್ನಾಳ ಈ ನಾಲ್ಕಕ್ಕೂ ೧೯೯೯ರ ಶಾಸನದಂತೆ ಭೌಗೋಳಿಕ ಸೂಚಕದ ನೋಂದಣಿ ದೊರೆತಿದೆಯಾದರೂ, ಆ ರಕ್ಷಣೆ ಹೆಸರಿಗೆ ಸಲ್ಲುವುದೇ ಹೊರತು ಕಸುಬುದಾರನ ಕೂಲಿಗೆ ಸಲ್ಲುವುದಿಲ್ಲ. ಅಂಗಡಿಯಲ್ಲಿ ಬಟ್ಟೆಯನ್ನು ಮಗುಚಿ ಹಿಂಬದಿಯನ್ನು ನೋಡಲು ಬೇಕಾದುದು ಅರೆಕ್ಷಣ. ಮಾರುವವನು ಅದಕ್ಕೆ ಬೇಸರಪಟ್ಟರೆ ಪಕ್ಕದ ಅಂಗಡಿ ತೆರೆದಿರುತ್ತದೆ.