ಮುಂಬಯಿ ಬಿಡುವ ಮುನ್ನ ರಾಣಿಬಾಗಿನಲ್ಲಿ

ಯುಗಾದಿ ಕಳೆದ ಭಾನುವಾರ ನಮ್ಮ ಹೋಟೆಲಿನ ಹಿರಿಯ ಅಡಿಗೆಯವರಾದ ಆಚಾರ್ಯರು ಸಂಸಾರಸಮೇತರಾಗಿ ಬೈಕುಲಾದ ರಾಣಿಬಾಗಿಗೆ ಹೊರಟರು, ನನ್ನನ್ನೂ ಕರೆದರು. ಮೂವತ್ತು ವರ್ಷ ಮುಂಬಯಿಯಲ್ಲಿ ದುಡಿದರೂ ಅವರು ಅದನ್ನು ಕಂಡವರಲ್ಲ. ಮರುದಿನವೇ ಸವಣೂರಿಗೆ ಶಾಶ್ವತ ಪ್ರಯಾಣ.

1862ರಲ್ಲಿ ವಿಕ್ಟೋರಿಯಾ ರಾಣಿಯ ಹೆಸರಿನಿಂದ ತೆರೆದ ಈ ಉದ್ಯಾನಕ್ಕೆ ಇಂದು ವೀರಮಾತಾ ಜೀಜಾಬಾಯಿಯವರ ನಾಮಧೇಯ. ವಸ್ತುಸಂಗ್ರಹಾಲಯದ ಬಳಿಯ ಕಲ್ಲಾನೆಯು ಘಾರಾಪುರಿಯದು. ಪೋರ್ಚುಗೀಸರು ಆ ದ್ವೀಪವನ್ನು ಎಲಿಫೆಂಟಾ ಎಂದು ಕರೆದುದು ಇದರಿಂದಲೇ. ಇಂಗ್ಲೆಂಡಿಗೆ ಸಾಗಿಸಲೆಂದು ಎತ್ತುವಾಗ ಒಡೆದ ಆನೆ, ಮರಳಿ ಜೋಡಣೆಗೊಂಡು ಇಲ್ಲಿಯೇ ನೆಲೆಸಿತು.

ಮುಂಬಯಿಯಲ್ಲಿಯೇ ಹುಟ್ಟಿದ ಮಗ ಬೆಳಗಿನಿಂದ ಮುಖ ಬಾಡಿಸಿಕೊಂಡಿದ್ದನು. “ಅಪ್ಪಾ, ಇದನ್ನೆಲ್ಲ ಇಂದೇ ಏಕೆ ತೋರಿಸಿದಿರಿ?” ಎಂದನು. ಆಚಾರ್ಯರು ಉತ್ತರಿಸಲಾರದೆ ತಲೆ ತಗ್ಗಿಸಿದರು.

ಆಫ್ರಿಕ ಮೂಲದ ಬಾವೋಬಾಬ್ ವೃಕ್ಷದೆದುರು ತಾಯಿ ಥಟ್ಟನೆ ನಿಂತರು. “ಮಗೂ, ಇದು ನಮ್ಮೂರಿನ ದೊಡ್ಡಹುಣಸೆಯೇ ಕಣೋ! ನಾಳಿದ್ದು ಅಲ್ಲಿಯೂ ನೋಡುವಿಯಂತೆ.” ಹುಡುಗನು ಆ ದಪ್ಪ ಬೊಡ್ಡೆಯನ್ನು ಎರಡು ಕೈಗಳಿಂದಲೂ ತಬ್ಬಿದನು.

ದುಡಿಯುವ ಬಂಧುಗಳೇ, ಬುಧವಾರ ಉದ್ಯಾನಕ್ಕೆ ರಜೆ. ಉಳಿದ ಯಾವುದಾದರೊಂದು ದಿನ ಮಕ್ಕಳನ್ನು ಕರೆದೊಯ್ಯಿರಿ. ಗಂಟು ಕಟ್ಟುವ ದಿನದವರೆಗೆ ಕಾಯಬೇಡಿರಿ.